ಕರೀದಿದ್ದ ಊಟದ ಸೌದೆ

ನಮ್ಮನೆಯವ್ರ ಹೆಸರು ವೀರಭದ್ರಯ್ಯ. ಹೆಸರು ಕೇಳಿದೋರಿಗೆ ಕತ್ತಿ ಹಿಡ್ಕೊಂಡು ನಿಂತಿರೋ ದೇವ್ರು ಕಣ್ಮುಂದೆ ಬರ್ಬೇಕು. ನಮ್ಮೋರು ಹಿಡಿಯೋ ಆಯುಧ ಅಂದ್ರೆ ಸೂಜಿ, ಕತ್ತರಿ, ಆಮೇಲೆ ಕೊರಳಲ್ಲಿ ಹಗಲೂ ರಾತ್ರಿ ನೇತಾಡೋ ಟೇಪು. ದಬ್ಬೇಘಟ್ಟದ ಬಸ್ ಸ್ಟ್ಯಾಂಡ್ ಪಕ್ಕ ಟೈಲರ್ ಅಂಗಡಿ ಇಟ್ಟವ್ರೆ. ಅಳತೇಲಿ ಮಾತ್ರ ಒಂದು ನೂಲು ಹೆಚ್ಚು ಕಮ್ಮಿ ಮಾಡಿದೋರಲ್ಲ. "ಹುಡುಗ ಬೆಳೀತಾನೆ, ವಸಿ ದೊಡ್ಡದಾಗೇ ಹೊಲೀರಿ" ಅಂತ ಯಾವ ತಾಯಿ ಬಂದು ಕೇಳಿದ್ರೂ, "ಬೆಳೆದಾಗ ಬಾರವ್ವ, ಆಗ ಇನ್ನೊಂದು ಹೊಲಿಯಾನ" ಅಂತ ಕಳ್ಸೋರು. ಅಷ್ಟು ಬಿಗಿ ಮನುಷ್ಯ. ಆದ್ರೆ ದೇವ್ರ ಮುಂದೆ ಒಂದು ತೆಂಗಿನಕಾಯಿ ಒಡಿ ಅಂದ್ರೆ ಕಣ್ಣು ಮುಚ್ಕೊಂಡು ಬೆರಳಿಗೇ ಹೊಡ್ಕೊಳ್ಳೋರು.

ಇಂಥೋರು ಒಂದು ಮಧ್ಯಾಹ್ನ ಮುದ್ದೆ ಮುರೀತಾ, "ಕಲ್ಲಮ್ಮ, ಈ ಸಲ ಸೌದೆ ನಾನೇ ಸೀಳ್ತೀನಿ ಕಣೇ" ಅಂದ್ರು. ನನ್ನ ಮುದ್ದೆ ಗಂಟಲಲ್ಲೇ ನಿಂತ್ಕೊಂತು.

ಯಾಕೆ ಅಂತ ಹೇಳ್ತೀನಿ ಕೇಳಿ. ನಮಗಿರೋಳು ಒಬ್ಬಳೇ ಮಗಳು, ಭಾನುಪ್ರಿಯಾ. ಹುಳಿಯಾರಿಗೆ ಕೊಟ್ಟಿದೀವಿ. ಹೋದ ಸಲ ಅವಳು ಬಸುರಿ ಅಂತ ತಿಳಿದಿದ್ದೇ ತಡ, ಇವ್ರು ಬಸ್ಸಿಳಿದೋರ್ನೆಲ್ಲ ಹಿಡ್ಕೊಂಡು ಹೇಳಿದ್ರು. ಅಂಗೈಯಗಲದ ಅಂಗಿ, ಪುಟಾಣಿ ಕುಲಾವಿ ಹೊಲ್ದು ಅಂಗಡಿ ಮುಂದೆ ಸಾಲಾಗಿ ನೇತಾಕಿದ್ರು. ಆ ಮಗು ಉಳೀಲಿಲ್ಲ. ಸಮಾಧಾನ ಹೇಳೋಕೆ ಬಂದೋರ ಮುಂದೆ ನಮ್ಮ ಹುಡ್ಗಿ ತಲೆ ಬಗ್ಗಿಸ್ಕೊಂಡು ಕೂತಿದ್ದು ಇವತ್ತಿಗೂ ನನ್ನ ಕಣ್ಣಿಂದ ಹೋಗಿಲ್ಲ. ಆ ಅಂಗಿಗಳ್ನ ಇವ್ರು ತೆಗೆದು ಎಲ್ಲಿಟ್ರೋ, ನಾನೂ ಕೇಳ್ಲಿಲ್ಲ, ಅವ್ರೂ ಹೇಳ್ಲಿಲ್ಲ.

ಅದಕ್ಕೇ ಈ ಸಲ ಮತ್ತೆ ಬಸುರಿಯಾದಾಗ ಭಾನು ಫೋನಲ್ಲೇ ಅಪ್ಪನ ಹತ್ರ ಆಣೆ ಹಾಕಿಸ್ಕೊಂಡಿದ್ಲು. "ಅಪ್ಪಾ, ಮಗು ಕೈಗೆ ಬರೋವರ್ಗೂ ಒಬ್ರಿಗೂ ಹೇಳ್ಬೇಡ. ಏನೂ ಹೊಲೀಬೇಡ." ಓಡಾಡಬೇಡಿ ಅಂತ ಡಾಕ್ಟ್ರು ಹೇಳಿದ್ರಿಂದ ಹುಳಿಯಾರಲ್ಲೇ ಇದ್ಲು. ಹೆರಿಗೆ ತಿಪಟೂರಲ್ಲಿ, ಅಲ್ಲಿಂದ ನೆಟ್ಟಗೆ ನಮ್ಮನೆಗೆ ಬಾಣಂತನಕ್ಕೆ ಅಂತ ಮಾತಾಗಿತ್ತು. ನಮ್ಮೂರಲ್ಲಿ ಒಂದು ನರಪಿಳ್ಳೆಗೂ ಗೊತ್ತಿರ್ಲಿಲ್ಲ.

ಮಗೂಗೆ ಹೊಲೀಬಾರ್ದು ಅಂದ ಮೇಲೆ ಅಂಗಡಿ ಕೆಲ್ಸದಲ್ಲಿ ಇವ್ರ ಮನಸ್ಸಿಲ್ಲ. ಮನೇಲಿ ಕೂತ್ರೆ ಬೆರಳಲ್ಲೇ ದಾರ ಸುತ್ತೋರು. ಯೋಚ್ನೆ ಮಾಡಿ ಮಾಡಿ ಈ ಸೌದೆ ದಾರಿ ಹುಡುಕಿದ್ರು. "ಸೌದೆ ಅಂದ್ರೆ ಮಗೂಗೇ ಅಂತ ಏನಿಲ್ವಲ್ಲ ಕಣೇ. ಯಾರ್ಗಾದ್ರೂ ಆಯ್ತದೆ. ಆಣೆ ತಪ್ಪಿದಂಗಾಗಲ್ಲ" ಅಂದ್ರು. ಬಾಣಂತಿ ನೀರಿಗೆ ಹಂಡೆಗಟ್ಲೆ ಕಾಯಿಸ್ಬೇಕು. ತೆಂಗಿನ ಮಟ್ಟೆ ಬುಸ್ಸಂತ ಉರಿದು ಬೂದಿಯಾಯ್ತದೆ, ಹುಣಸೆ ಆದ್ರೆ ಕೆಂಡ ನಿಲ್ತದೆ. ತಾಯಿ ಮಗು ಮೈ ಕಾಯಿಸೋಕೂ ಆಯ್ತು, ಸಾಂಬ್ರಾಣಿ ಹೊಗೆಗೂ ಆಯ್ತು.

"ಕೂಲಿಯೋರ್ಗೆ ಹೇಳ್ರೀ, ಒಂದು ಬೆಳಗಿನ ಕೆಲ್ಸ" ಅಂದೆ.

"ನನ್ನ ಮಗಳ ನೀರಿಗೆ ಕೂಲಿಯೋರು ಸೀಳ್ಬೇಕಾ? ನಾನೇನು ಸತ್ತೋಗಿದೀನಾ?" ಅಂದ್ರು. ಮುಖ ನೋಡ್ದೆ. ಹಟ ಮಾಡೋ ಮುಖ ಅಲ್ಲ, ಬೇಡ್ಕೊಳ್ಳೋ ಮುಖ. ಸುಮ್ಮನಾದೆ.

ಸುಮ್ಮನಾಗಿದ್ದೇ ತಪ್ಪಾಯ್ತು. ನಮ್ಮದು ತೆಂಗಿನ ಸೀಮೆ. ಮಟ್ಟೆ, ಗರಿ, ಚಿಪ್ಪು, ಒಲೆಗೆ ಬೇಕಾದ್ದೆಲ್ಲ ಮರದ ಮೇಲಿಂದ ತಾನಾಗೇ ಉದುರ್ತದೆ. ದಿಮ್ಮಿ ತಂದು ಸೌದೆ ಸೀಳಿಸೋದು ಮದ್ವೆಗೆ, ಗೃಹಪ್ರವೇಶಕ್ಕೆ, ಸಾಲು ಸಾಲು ಎಲೆ ಹಾಕೋ ಕಾರ್ಯಕ್ಕೆ ಮಾತ್ರ. ಯಾರ ಮನೆ ಮುಂದೆ ಹುಣಸೆ ದಿಮ್ಮಿ ಬಿತ್ತೋ ಅವ್ರ ಮನೇಲಿ ಊಟ ಅದೆ ಅಂತಾನೇ ಅರ್ಥ. ಇದು ನಂಗೂ ಗೊತ್ತಿತ್ತು, ಅವ್ರಿಗೂ ಗೊತ್ತಿತ್ತು. ನೆನಪಾಗಿದ್ದು ಮಾತ್ರ ಟ್ರ್ಯಾಕ್ಟರ್ ಬಂದು ಬಾಗಿಲ ಮುಂದೆ ದಡಾರಂತ ದಿಮ್ಮಿಗಳ್ನ ಕೆಡವಿದ ಮೇಲೆ.

ಆ ಸದ್ದಿಗೆ ಎದುರುಮನೆ ಚಿಕ್ಕಗೌರಮ್ಮ ಸೆರಗು ಸಿಕ್ಕಿಸ್ಕೊಂಡು ಈಚೆ ಬಂದ್ಲು. ದಿಮ್ಮಿ ನೋಡಿದ್ಲು. ಇವ್ರನ್ನ ನೋಡಿದ್ಲು. ನನ್ನ ನೋಡಿದ್ಲು.

"ಏನ್ ಕಾರ್ಯ ಕಲ್ಲಮ್ಮಾರೇ?"

ನಾನು ಬಾಯಿ ತೆಗೆಯೋದ್ರೊಳಗೆ ಇವ್ರು, "ಕಾರ್ಯ ಏನಿಲ್ಲ ಕಣಮ್ಮ, ವ್ಯಾಯಾಮ! ಕೂತು ಕೂತು ಹೊಲಿದು ಬೆನ್ನು ಹಿಡ್ಕೊಂಡದೆ. ಡಾಕ್ಟ್ರು ಸೌದೆ ಸೀಳು ಅಂದವ್ರೆ" ಅಂದ್ರು.

"ಓಹೋ" ಅಂದ್ಲು ಚಿಕ್ಕಗೌರಮ್ಮ. ಅವಳ ಆ ಒಂದು ಓಹೋ ನಂಗೆ ಗೊತ್ತು. ಸಾಯಂಕಾಲದೊಳಗೆ ಅದು ಕಾಲುವೆ ಆಚೆಗೂ ಹೋಗಿರ್ತದೆ.

ಮಾರನೇ ದಿನ ಸೌದೆ ಕಾರ್ಯಕ್ರಮ ಶುರುವಾಯ್ತು. ಇವ್ರು ಮೊದಲು ಮಾಡಿದ್ದೇನಪ್ಪಾ ಅಂದ್ರೆ, ಟೇಪು ಹಿಡಿದು ದಿಮ್ಮೀದು ಸುತ್ತಳತೆ ತಗೊಂಡ್ರು. ಆಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಇಲ್ಲಿ ಕಟಿಂಗು, ಇಲ್ಲಿ ಮಾರ್ಜಿನ್ನು ಅಂತ ಗುರುತು ಹಾಕಿದ್ರು. ಬುಡದ ದಿಮ್ಮಿ ಒಂದಿತ್ತು, ಒರಳುಕಲ್ಲಿನ ಗಾತ್ರ, ಮೈಯೆಲ್ಲ ಗಂಟು. ಶುಭ ಕೆಲ್ಸ ದೊಡ್ಡದ್ರಿಂದಲೇ ಶುರುವಾಗ್ಲಿ ಅಂತ ಅದನ್ನೇ ಆರಿಸ್ಕೊಂಡ್ರು.

ಕೊಡಲಿ ಚಿಕ್ಕಗೌರಮ್ಮನ ಗಂಡ ಬೋರಯ್ಯಂದು. ಇವ್ರು ಅದನ್ನ ತೋಳಿಗೆ ಹಿಡಿದು ನೋಡಿ, "ಹಿಡಿಯೋ ಕಾವು ಉದ್ದ ಆಯ್ತು ಕಣೇ, ಆಲ್ಟ್ರೇಶನ್ ಮಾಡ್ಬೇಕು" ಅಂದ್ರು. ಬೇರೆಯವ್ರ ಕೊಡಲಿ ಕಣ್ರೀ ಅದು ಅನ್ನೋದ್ರೊಳಗೆ ಗರಗಸ ತಂದು ಕಾವು ಕೊಯ್ದು, ಕೊಡಲಿ ತಲೆ ಬಿಚ್ಚಿ, ಮತ್ತೆ ತೊಡಿಸಿ, ಸಡಿಲ ಆಗ್ದಿರ್ಲಿ ಅಂತ ಸಂದಿಗೆ ಕ್ಯಾನ್ವಾಸ್ ಬಟ್ಟೆ ತುರುಕಿದ್ರು. "ಜೈ ವೀರಭದ್ರ" ಅಂತ ಎತ್ತಿ ಬೀಸಿದ್ರು ನೋಡಿ, ಕೈಯಲ್ಲಿ ಉಳಿದಿದ್ದು ಕಾವು ಮಾತ್ರ. ತಲೆ ಎಲ್ಲಿ ಅಂತ ನಾವು ನೆಲ ಹುಡುಕ್ತಾ ಇದ್ವಿ. ಅದು ರಸ್ತೆ ದಾಟಿ ಚಿಕ್ಕಗೌರಮ್ಮ ಒಣಗಾಕಿದ್ದ ಹುರುಳಿಕಾಳಿನ ನಡುಮಧ್ಯೆ ಕೂತಿತ್ತು. ಸದ್ಯ, ಹತ್ತಿರ ಯಾರೂ ಇರ್ಲಿಲ್ಲ.

ಚಿಕ್ಕಗೌರಮ್ಮ ಅದನ್ನ ಎರಡು ಬೆರಳಲ್ಲಿ ಎತ್ಕೊಂಡು ಬಂದು ನಮ್ಮ ಜಗಲಿ ಮೇಲಿಟ್ಲು.

"ಊಟಕ್ಕೆ ಕರೀದಿದ್ರೆ ಹೋಗ್ಲಿ ಬುಡಿ ಅಯ್ನೋರೇ. ಅದಕ್ಕೆ ಕೊಡ್ಲೀಲಿ ಹೊಡೀತೀರಾ? ಅದೂ ನಮ್ಮ ಕೊಡ್ಲೀಲೇ?"

"ಊಟಾನೇ ಇಲ್ಲ ಕಣಮ್ಮ!"

"ಅಯ್ಯೋ ಬುಡಿ, ನಮಗೆ ಇಲ್ಲ ಅಂತ ಹೇಳಿ, ಒಪ್ಕೊತೀನಿ" ಅಂದವ್ಳು ಗೇಟು ಹಾಕ್ಕೊಂಡು ಹೋದ್ಲು. ಅಷ್ಟು ವರ್ಷದಿಂದ ಹಾಲಿಗೆ ಹೆಪ್ಪು ಕೊಟ್ಟು ತಗೊಂಡು ಮಾಡ್ತಿದ್ದೋಳು, ಆವತ್ತಿಂದ ಹೆಪ್ಪಿಗೂ ಬರ್ಲಿಲ್ಲ.

ಕೊಡಲಿ ಆಗ್ಲಿಲ್ಲ ಅಂತ ಇವ್ರು ಮೊಬೈಲ್ ಹಿಡಿದ್ರು. ಅದ್ರಲ್ಲಿ ಯಾರೋ ಗಡ್ಡದವ್ನು ಹಿಮದ ಮಧ್ಯೆ ನಿಂತ್ಕೊಂಡು, ದಿಮ್ಮೀನ ಟೈರೊಳಗೆ ನಿಲ್ಲಿಸಿ ಪಟ ಪಟ ಸೀಳ್ತಾ ಇದ್ದ. ಸರಿ, ಪಂಕ್ಚರ್ ಅಂಗಡಿಯಿಂದ ಹಳೇ ಟೈರು ಬಂತು, ಕೊಡಲಿ ತಲೆ ಮತ್ತೆ ಕಾವಿಗೇರ್ತು. ಇವ್ರ ಏಟು ದಿಮ್ಮಿಗೆ ಬೀಳೋದು ಬಿಟ್ಟು ಟೈರಿಗೆ ಬಿದ್ದು, ಕೊಡಲಿ ಪುಟಿದು ಇವ್ರ ಹಣೆಯ ಪಕ್ಕದಲ್ಲೇ ವಾಪಸ್ ಬಂತು. ಟೈರೂ ಬೇಡ ಅಂತ ತುರುವೇಕೆರೆಗೆ ಹೋಗಿ ಕಬ್ಬಿಣದ ಬೆಣೆ ತಂದ್ರು, ಅದನ್ನ ಬಡಿಯೋಕೆ ಸಮ್ಮಟಿಗೆ. ಬೆಣೆ ಅರ್ಧ ಇಳೀತು, ಆಮೇಲೆ ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ. ಅದನ್ನ ಕೀಳೋಕೆ ಪಕ್ಕದಲ್ಲಿ ಇನ್ನೊಂದು ಬೆಣೆ ಬಡಿದ್ರು, ಅದೂ ಸಿಕ್ಕಾಕ್ಕೊಂತು. ಎರಡನ್ನೂ ಮೀಟೋಕೆ ಯಾರ್ದೋ ಹಾರೆ ತಂದ್ರು, ಅದೂ ಒಳಗೆ. ನಮ್ಮ ಬೀದೀಲಿ ಇದ್ದಬದ್ದ ಕಬ್ಬಿಣ ಎಲ್ಲ ಆ ಗಂಟು ದಿಮ್ಮಿ ಮೈಯಲ್ಲಿ. ಸಾಮಾನು ವಾಪಸ್ ಕೇಳೋಕೆ ಬಂದೋರ್ಗೆ ಇವ್ರು ದಿಮ್ಮಿ ತೋರಿಸಿ, "ಇಲ್ಲೇ ಅದೆ ಕಣಪ್ಪ, ತಗೊಂಡೋಗು" ಅನ್ನೋರು. ಅವ್ರು ಎಳೆದಷ್ಟೂ ಎಳೆದು, ಉಸ್ಸಪ್ಪಾ ಅಂತ ಹಂಗೇ ಹೋಗೋರು.

ಈ ಮಧ್ಯೆ ಬಂದ ನೋಡಿ ಶಾಮಿಯಾನದ ಲಕ್ಕಯ್ಯ. ಊರಲ್ಲಿ ಯಾವ ಊಟಕ್ಕೂ ಶಾಮಿಯಾನ, ಕುರ್ಚಿ, ಕೊಪ್ಪರಿಗೆ ಅವನದೇ. ಬಂದವ್ನು ಮಾತೇ ಆಡ್ದೆ ಟೇಪು ಬಿಚ್ಚಿ ನಮ್ಮ ಮನೆ ಮುಂದೆ ಅಳೆಯೋಕೆ ಹತ್ತಿದ. ಒಂದು ಕಡೆ ಇವ್ರು ದಿಮ್ಮಿ ಅಳೀತಾರೆ, ಇನ್ನೊಂದು ಕಡೆ ಅವ್ನು ಅಂಗಳ ಅಳೀತಾನೆ.

"ಲಕ್ಕಯ್ಯ, ಶಾಮಿಯಾನ ಏನೂ ಬೇಡಪ್ಪ" ಅಂದ್ರು ಇವ್ರು.

"ಬೇಡ ಅಂದ್ರೆ? ತಿಪಟೂರಿನ ಶಾಮಿಯಾನದೋರ್ಗೆ ಹೇಳಿದ್ದೀರಾ? ನಮ್ಮ ಹಳದಿ ಬಟ್ಟೆಗೆ ಏನಾಗದೆ?"

ಅಲ್ಲಿಗೇ ಸುಮ್ಮನಿದ್ದಿದ್ರೆ ಆಗ್ತಿತ್ತು. ಆದ್ರೆ ಬಟ್ಟೆ ಮಾತು ಬಂದ್ರೆ ನಮ್ಮೋರ ಬಾಯಿ ನಿಲ್ಲಲ್ಲ. "ನಿನ್ನ ಹಳದಿ ಬಟ್ಟೆ ಮೂಲೇಲಿ ಹೊಲಿಗೆ ಬಿಟ್ಟದೆ ಕಣಯ್ಯ, ಹೋದ ಮದ್ವೇಲಿ ನೋಡ್ದೆ. ಮಾನ ಹೋಗ್ತದೆ. ತಂದುಕೊಡು, ಡಬಲ್ ಹೊಲಿಗೆ ಹಾಕ್ಕೊಡ್ತೀನಿ" ಅಂದ್ರು.

"ಹಂಗಾದ್ರೆ ಹಳದೀದೇ ಆಯ್ತು ಅನ್ನಿ" ಅಂತ ಲಕ್ಕಯ್ಯ ನಗ್ತಾ ಹೋದ. ಸಾಯಂಕಾಲ ಶಾಮಿಯಾನದ ಬಟ್ಟೆ ನಮ್ಮ ಜಗಲಿಗೆ ಬಂತು. ಊರಿಗೆ ಇನ್ನೇನು ಬೇಕು? ಇದ್ದ ಒಂದು ಅನುಮಾನಾನೂ ಹೋಯ್ತು.

ಪಂಚಾಯ್ತಿ ಮೆಂಬರ್ ಶ್ರೀರಂಗಯ್ಯ ಬಂದು, ದಿಮ್ಮಿಗೆ ಕಾಲಲ್ಲಿ ಒದ್ದು, "ಸಾರ್ವಜನಿಕ ರಸ್ತೆ ಕಣ್ರೀ ಇದು, ನೋಟಿಸ್ ಕೊಡ್ಬೇಕಾಯ್ತದೆ" ಅಂದ್ರು. ಇವ್ರು ಗಾಬರೀಲಿ, "ಸೌದೆ ಮಾರೋಣ ಅಂತ ಸ್ವಾಮಿ" ಅಂದ್ರು. ಶ್ರೀರಂಗಯ್ಯ ಹತ್ತಿರ ಬಂದು ದನಿ ಇಳಿಸಿ, "ನೋಟಿಸ್ ಹಾಳಾಗ್ಲಿ. ಡೇಟ್ ಮಾತ್ರ ಹೇಳಿ. ಇನ್ನೆರಡು ಫಂಕ್ಷನ್ ಒಪ್ಕೊಂಡಿದೀನಿ" ಅಂದ್ರು. ಇವ್ರು ಪೆಚ್ಚಾಗಿ ನಿಂತಿದ್ದು ನೋಡಿ, "ಆಯ್ತು ಬುಡ್ರೀ, ನಾವೆಲ್ಲ ಯಾಕೆ ಬೇಕು" ಅಂತ ಬೈಕ್ ಹತ್ತಿದ್ರು.

ಆವತ್ತು ಇವ್ರು ಒಳಗೆ ಬಂದು ಗೋಡೆಗೆ ಒರಗಿ ಕೂತ್ರು. ಅಂಗೈ ತುಂಬ ಗುಳ್ಳೆ. ಕೊಬ್ಬರಿ ಎಣ್ಣೆ ಹಚ್ತಾ, "ಹೇಳಿಬಿಡಾನ ಕಣ್ರೀ, ಊರೋರೆಲ್ಲ ಮುನಿಸ್ಕೊಂಡವ್ರೆ" ಅಂದೆ.

"ಬೇಡ ಕಣೇ. ನನ್ನ ಬಾಯಿಂದ ಹೋದ ಸಲ ಆಗಿದ್ದು ಸಾಕು" ಅಂದ್ರು.

ಮಗು ಹೋಗಿದ್ದಕ್ಕೂ ಇವ್ರು ಊರಿಗೆ ಹೇಳಿದ್ದಕ್ಕೂ ಏನು ಸಂಬಂಧ? ಆದ್ರೂ ಇಷ್ಟು ದಿನ ಅದನ್ನ ಒಳಗೇ ಇಟ್ಕೊಂಡು ಕೊರಗಿದ್ರು ಪುಣ್ಯಾತ್ಮ. ನಂಗೆ ಅಳು ಬಂತು. ತೋರಿಸ್ಕೊಳ್ಳದೆ, "ಇನ್ನೊಂದು ಕೈ ಕೊಡಿ" ಅಂತ ಗದರಿದೆ.

ಭಾನುವಾರ ಬೆಳಿಗ್ಗೆ ಹಾಲ್ಕುರಿಕೆಯಿಂದ ನಮ್ಮ ಭಾವ, ಇವ್ರ ಅಣ್ಣ ಪಂಚಾಕ್ಷರಯ್ಯ, ಬಸ್ಸಿಳಿದು ಬಂದ್ರು. ಅವ್ರ ಕೊಡೆ ಮೊದಲು ಬಂತು, ಆಮೇಲೆ ಕೋಪ ಬಂತು, ಆಮೇಲೆ ಅವ್ರು ಬಂದ್ರು.

"ಲೇ ವೀರಭದ್ರ! ಒಡಹುಟ್ಟಿದ ಅಣ್ಣ ಬದುಕಿದ್ದಂಗೇ ಅವನಿಗೆ ತಿಳಿಸ್ದೆ ಕಾರ್ಯ ಮಾಡ್ತೀಯೇನೋ? ಬೇರೆಯೋರ ಬಾಯಲ್ಲಿ ಕೇಳ್ಬೇಕೇನೋ ನಾನು?"

ಆ ದನಿಗೆ ಚಿಕ್ಕಗೌರಮ್ಮ, ಬೋರಯ್ಯ ಇಬ್ರೂ ಗೇಟಿಗೆ ಬಂದ್ರು. ಬಟ್ಟೆ ಹೊಲಿದಾಯ್ತಾ ಅಂತ ನೋಡೋಕೆ ಬಂದ ಲಕ್ಕಯ್ಯ ಅಲ್ಲೇ ನಿಂತ. ಶ್ರೀರಂಗಯ್ಯ ಬೈಕು ನಿಲ್ಸಿದ್ರು. ಎಲ್ರ ಕಣ್ಣೂ ಇವ್ರ ಮೇಲೆ. ಇವ್ರು ಸಮ್ಮಟಿಗೆ ಹಿಡ್ಕೊಂಡು ಬೆವೆತು ನೀರಾಗಿ, ಬಾಯಿಗೆ ಬಂದಿದ್ದನ್ನ ಅಂದುಬಿಟ್ರು: "ನಂದೇ ಅಣ್ಣಾ, ಅರವತ್ತರ ಶಾಂತಿ!"

ನಾನು ಹಣೆ ಚಚ್ಕೊಂಡೆ. ಭಾವ ಕೊಡೆ ಕೆಳಗೆ ಹಾಕಿದ್ರು.

"ನಿಂಗೆ ಅರವತ್ತಾ? ಲೇ, ನಿಂಗೆ ಅರವತ್ತು ಅಂದ್ರೆ ನಂಗೆಷ್ಟಾಯ್ತು? ನಾನು ಹಾಲ್ಕುರಿಕೇಲಿ ಐವತ್ತೆಂಟು ಅಂತ ಹೇಳ್ಕೊಂಡು ಓಡಾಡ್ತಾ ಇವ್ನಿ, ನನ್ನ ಮರ್ಯಾದೆ ತೆಗೀಬೇಕು ಅಂತಾನೇ ಹುಟ್ಟಿದೀಯೇನೋ?"

"ನನ್ನ ಹತ್ರ ವ್ಯಾಯಾಮ ಅಂದ್ರು" ಅಂದ್ಲು ಚಿಕ್ಕಗೌರಮ್ಮ.

"ನಂಗೆ ವ್ಯಾಪಾರ ಅಂದ್ರು" ಅಂದ್ರು ಶ್ರೀರಂಗಯ್ಯ.

"ನಂಗೆ ಹಳದಿ ಬಟ್ಟೆ ಅಂದ್ರು" ಅಂದ ಲಕ್ಕಯ್ಯ.

ಅಷ್ಟರಲ್ಲಿ ಟೈರಿಗೆ ಒರಗಿಸಿಟ್ಟಿದ್ದ ಮೊಬೈಲಲ್ಲಿ ಸೌದೆ ಸೀಳ್ತಿದ್ದ ಗಡ್ಡದವ್ನು ಮಾಯವಾಗಿ ಫೋನ್ ಹೊಡ್ಕೊಂತು. ಅಳಿಯ ಮಲ್ಲೇಶ್. ಇವ್ರು ಕಿವಿಗೆ ಹಿಡಿದ್ರು. ಹಂಗೇ ಬೆಣೆ, ಹಾರೆ ಎಲ್ಲ ಚುಚ್ಕೊಂಡಿದ್ದ ದಿಮ್ಮಿ ಪಕ್ಕ ನೆಲದ ಮೇಲೆ ಕುಸಿದು ಕೂತ್ರು. ಕಣ್ಣಿಂದ ಧಾರೆ ಧಾರೆ ನೀರು.

ಮತ್ತೆ ಹಂಗೇ ಆಯ್ತಾ ದೇವ್ರೇ ಅಂತ ಓಡಿ ಹೋಗಿ ಫೋನ್ ಕಿತ್ಕೊಂಡೆ.

"ಹಲೋ, ಅತ್ತೆ? ಹೆಣ್ಣು ಮಗು ಅತ್ತೆ. ಭಾನು ಚೆನ್ನಾಗವ್ಳೆ, ಮಗೂನೂ ಚೆನ್ನಾಗದೆ. ಮಾವ ಯಾಕೆ ಮಾತಾಡ್ತಿಲ್ಲ?" ಹಿಂದೆ ಕುಯ್ಯೋ ಅಂತ ಮಗು ಅಳು. ಎಂಥ ಗಟ್ಟಿ ಗಂಟಲು ಅಂತೀರಿ! ಅಲ್ಲಿದ್ದೋರ್ಗೆಲ್ಲ ಕೇಳಿಸ್ತು.

ಮೊದಲು ಅರ್ಥ ಆಗಿದ್ದು ಚಿಕ್ಕಗೌರಮ್ಮಂಗೆ. ದಿಮ್ಮಿ ನೋಡಿದ್ಲು, ನನ್ನ ನೋಡಿದ್ಲು. "ಬಾಣಂತಿ ಸೌದೆನಾ ಕಲ್ಲಮ್ಮ?" ಅಂದ್ಲು. ನಾನು ಹೂಂ ಅಂದೆ. ಗೇಟು ತೆಗೆದು ಓಡಿ ಬಂದು ನನ್ನ ತಬ್ಕೊಂಡು, "ನನ್ನ ಬಾಯಿಗೆ ಮಣ್ಣಾಕ, ಊಟ ಊಟ ಅಂತ ಆಡ್ಕೊಂಡ್ನಲ್ಲೇ" ಅಂತ ಅತ್ಲು. ಹೋದ ಸಲ ಭಾನು ತಲೆ ಸವರ್ತಾ ನಮ್ಮನೇಲೇ ಮಲಗಿದ್ದೋಳು ಅವಳು. ಲಕ್ಕಯ್ಯ ಟವೆಲ್ಲಲ್ಲಿ ಮುಖ ಒರೆಸ್ಕೊಂಡ. ಭಾವ ಮಾತ್ರ, "ಇದನ್ನ ಮೊದಲೇ ಬೊಗಳೋಕೆ ಏನಾಗಿತ್ತೋ ನಿಂಗೆ" ಅಂತ ಬೈತಾನೇ ತಮ್ಮನ ಬೆನ್ನು ಸವರ್ತಾ ಇದ್ರು.

"ಬಾಣಂತಿ ಬರೋಕಾಯ್ತು, ಒಂದು ಸೀಳಾದ್ರೂ ಆಗದೆಯಾ?" ಅಂದ ಬೋರಯ್ಯ. ಒಂದೂ ಆಗಿರ್ಲಿಲ್ಲ.

ಎಲ್ರೂ ಒಟ್ಟಿಗೆ ಬುದ್ಧಿ ಹೇಳೋಕೆ ಶುರು ಮಾಡಿದ್ರು. ಮಧ್ಯಕ್ಕೆ ಹೊಡೀರಿ ಅಂತ ಒಬ್ರು, ತಲೆಕೆಳಗೆ ಮಾಡಿ ಅಂತ ಇನ್ನೊಬ್ರು, ನೀರಾಕಿ ಅಂತ ಮೆಂಬರ್ರು. ಇವ್ರು ಯಾರ ಮಾತೂ ಕೇಳ್ತಿರ್ಲಿಲ್ಲ. ಕೂತಲ್ಲೇ ದಿಮ್ಮಿ ಮೇಲೆ ಬೆರಳಾಡಿಸ್ತಾ ಇದ್ರು, ಗಿರಾಕಿ ತಂದ ಹೊಸ ಬಟ್ಟೆ ನೋಡಿದಂಗೆ. ಅಂಚಲ್ಲಿ ಒಂದು ಕೂದಲೆಳೆ ಬಿರುಕು. ಇಷ್ಟು ದಿನ ಸೀಮೆಸುಣ್ಣದ ಗೆರೆ ಅದ್ರ ಮೇಲೇ ಹೋಗಿ ಅದನ್ನ ಮುಚ್ಚಿತ್ತು.

"ಕಲ್ಲೂ, ಥಾನಿನ ಸುರುಳಿಯಿಂದ ಬಟ್ಟೆ ಹರೀಬೇಕಾದ್ರೆ ಮಧ್ಯಕ್ಕೆ ಕತ್ತರಿ ಹಾಕಲ್ಲ ಕಣೇ. ಅಂಚಲ್ಲಿ ಒಂದು ಕಚ್ಚು ಕೊಟ್ರೆ, ನೂಲಿನ ದಾರೀಲಿ ಅದೇ ಹರ್ಕೊಂಡು ಹೋಯ್ತದೆ" ಅಂದ್ರು.

ಮನೆಯ ಮಚ್ಚು ತರಿಸ್ಕೊಂಡ್ರು. ಅದ್ರ ಬಾಯಿ ಬಿರುಕಿಗೆ ಇಟ್ಟು, ಮೆಲ್ಲಗೆ, ಗುಂಡಿ ಕೂರಿಸೋ ಹಂಗೆ ಒಂದು ತಟ್ಟಿದ್ರು. ಬಿರುಕು ಚೂರು ಬಾಯಿ ಬಿಡ್ತು. ಮುಂದಕ್ಕಿಟ್ಟು ಇನ್ನೊಂದು. ಆಮೇಲೆ ಎದ್ದು ನಿಂತು, ಅಲ್ಲೇ ಸಿಕ್ಕಾಕ್ಕೊಂಡಿದ್ದ ಬೆಣೆ ಮೇಲೆ ಸಮ್ಮಟಿಗೇಲಿ ಒಂದೇ ಒಂದು ಏಟು. ಚರ್ರಂತ ಸದ್ದಾಯ್ತು. ದಿಮ್ಮಿ ಸೀಳಿ, ಬೆಣೆ, ಹಾರೆ ಎಲ್ಲ ಠಣಾರಂತ ಕೆಳಗೆ ಬಿತ್ತು. ಅವ್ರವ್ರ ಸಾಮಾನು ಅವ್ರವ್ರು ಎತ್ಕೊಂಡ್ರು, ಆದ್ರೆ ಮನೆಗೆ ಮಾತ್ರ ಯಾರೂ ಹೋಗ್ಲಿಲ್ಲ. ಬೋರಯ್ಯ ಕಾವು ಗಿಡ್ಡ ಆದ ತನ್ನ ಕೊಡಲಿಗೇ ಚಕ್ಕೆ ಬಡಿದು ಬಿಗಿ ಮಾಡ್ಕೊಂಡ. ಭಾವ ಪಂಚೆ ಎತ್ತಿ ಕಟ್ಟಿದ್ರು. ಶ್ರೀರಂಗಯ್ಯ ಸಾರ್ವಜನಿಕ ರಸ್ತೇಲೇ ನಿಂತು ಸಾರ್ವಜನಿಕವಾಗಿ ಸೌದೆ ಸೀಳಿದ್ರು. ಹೊತ್ತು ಇಳಿಯೋದ್ರಲ್ಲಿ ಗೋಡೆ ಉದ್ದಕ್ಕೂ ಸೌದೆ ಒಟ್ಟಿ ಆಗಿತ್ತು. ನಾನು ಎಲ್ರಿಗೂ ಬಿಸಿಬಿಸಿ ಪಾಯಸ ಮಾಡಿ ಕೊಟ್ಟೆ. "ನೋಡು, ಊಟ ಇಲ್ಲ ಅಂದಿದ್ದು ಸುಳ್ಳು ತಾನೆ?" ಅಂದ್ಲು ಚಿಕ್ಕಗೌರಮ್ಮ.

ಭಾನು ತಿಪಟೂರಿಂದ ಬಂದಿಳಿದಾಗ ಅವ್ರೆಲ್ಲ ಬಾಗಿಲಲ್ಲೇ ಇದ್ರು. ಆರತಿ ಎತ್ತಿ ದೃಷ್ಟಿ ತೆಗೆಯೋವಾಗ ಅವಳ ಕಣ್ಣು ಸೌದೆ ಮೇಲೆ ಬಿತ್ತು. ಅಪ್ಪನ ಅಂಗೈ ನೋಡಿದ್ಲು.

"ಅಪ್ಪಾ, ಇದೆಲ್ಲ ನೀನೇ ಸೀಳಿದ್ದಾ?"

ಇವ್ರು ಇಲ್ಲಮ್ಮ ಅನ್ನೋಕೆ ಬಾಯಿ ತೆಗೆದ್ರು. ಚಿಕ್ಕಗೌರಮ್ಮ ಬಿಡ್ಲಿಲ್ಲ. "ಇನ್ಯಾರವ್ವ ಸೀಳ್ತಾರೆ? ಒಬ್ರಿಗೂ ಒಂದು ಚಕ್ಕೆ ಮುಟ್ಟೋಕೆ ಬಿಡ್ಲಿಲ್ಲ ನಿಮ್ಮಪ್ಪ!" ಅಂದ್ಲು.

"ಹಟಮಾರಿ" ಅಂದ್ರು ಭಾವ. ಬೋರಯ್ಯ, ಲಕ್ಕಯ್ಯ ಇಬ್ರೂ ತಲೆ ಆಡಿಸಿದ್ರು. ಶ್ರೀರಂಗಯ್ಯ ಕೈಗೆ ಸುತ್ತಿದ್ದ ಬ್ಯಾಂಡೇಜು ಬೆನ್ನ ಹಿಂದೆ ಇಟ್ಕೊಂಡ್ರು. ನಮ್ಮೋರು ಟೇಪಿನ ತುದಿ ಹಿಡ್ಕೊಂಡು ನೆಲ ನೋಡ್ತಾ ನಿಂತ್ರು.

ಮೊದಲ ನೀರಿಗೆ ಇವ್ರು ಸೀಳಿದ ಆ ಗಂಟು ಸೌದೇನೇ ಒಲೆಗಿಟ್ಟೆ. ನೀರಾಕಿ, ಸಾಂಬ್ರಾಣಿ ಹಿಡಿದು, ಮಗೂನ ಹಳೇ ಪಂಚೇಲಿ ಸುತ್ತಿ ಮಲಗಿಸಿದ್ವಿ. ಇವ್ರು ಬಾಗಿಲ ಆಚೇನೇ ನಿಂತಿದ್ರು.

"ಅಳತೆ ತಗೊಳ್ಳಾ ಭಾನು?" ಅಂದ್ರು, ಹೆದರ್ಕೊಂಡೇ.

"ತಗೋ ಅಪ್ಪ. ಇನ್ನು ಎಷ್ಟು ಬೇಕಾದ್ರೂ ಹೊಲಿ."

ನಾನು ಪೆನ್ಸಿಲ್ ಹಿಡ್ಕೊಂಡು ಕೂತೆ. ಇವ್ರು ಮಂಡಿಯೂರಿ ಮಗು ಎದೆ ಮೇಲೆ ಟೇಪು ಇಟ್ರು. ಮಗು ಉಸಿರಾಡ್ತು, ಟೇಪು ಎದ್ದು ಇಳೀತು. ಇವ್ರು ಅದನ್ನೇ ನೋಡ್ತಾ ಉಳಿದ್ರು.

"ಎಷ್ಟ್ರೀ?" ಅಂದೆ. ಮತ್ತೆ, "ಎಷ್ಟು ಅಂತ ಬರ್ಕೊಳ್ಳಲಿ?" ಅಂದೆ. ಇವ್ರು ತೋಳಲ್ಲಿ ಕಣ್ಣು ಒರೆಸ್ಕೊಂಡ್ರು. ಅಷ್ಟರಲ್ಲಿ ಮಗು ಟೇಪಿನ ತುದಿ ಮುಷ್ಟೀಲಿ ಹಿಡ್ಕೊಂಬುಡ್ತು. ಬೇರೆ ಅಳತೇನೂ ಆಗ್ಲಿಲ್ಲ. ನಾನು ಪೆನ್ಸಿಲ್ ಕೆಳಗಿಟ್ಟೆ.

ಅಂದಾಜಿನ ಮೇಲೇ ಅಂಗಿ ಹೊಲಿದು ತಂದ್ರು. ತೊಡಿಸಿದ್ವಿ. ತೋಳು ಬೆರಳು ದಾಟಿತ್ತು, ಅಂಚು ಪಾದ ಮುಚ್ಚಿ ಇನ್ನೂ ಉಳಿದಿತ್ತು. ಇಷ್ಟು ವರ್ಷದಲ್ಲಿ ಇವ್ರ ಅಳತೆ ತಪ್ಪಿದ್ದು ನಾನು ನೋಡಿದ್ದು ಅದೇ ಮೊದಲು.

"ಏನ್ರೀ ಟೈಲರ್ರೇ, ಎಷ್ಟು ದೊಡ್ಡದಾಯ್ತು ನೋಡಿ" ಅಂದೆ.

"ಇರ್ಲಿ ಬುಡೇ" ಅಂದ್ರು. "ಬೆಳೀತಾಳೆ."